ಹೃದಯದ ಚಿತ್ರ ಚೆಂದ ಬರೀತಾರೆ, ಎಡಗೋಡೆ ಯಾಕೆ ದಪ್ಪ ಅಂದ್ರೆ ತಪ್ಪು ಹೇಳ್ತಾರೆ: ಹೇಗೆ ಹೇಳಿಕೊಡೋದು?

ಮೇಷ್ಟ್ರು_ಹೊಸನಗರ:
ಹತ್ತನೇ ತರಗತಿಗೆ ರಕ್ತಪರಿಚಲನೆ ಪಾಠ ಮಾಡುವವರಿಗೂ ಆಸ್ಪತ್ರೆ ಕಡೆಯವರಿಗೂ ಒಂದು ಪ್ರಶ್ನೆ.

ಹೃದಯದ ಸೀಳುನೋಟ ಬರೆಯಿರಿ ಅಂದ್ರೆ ಮಕ್ಕಳು ನೋಡದೇ ಬರೀತಾರೆ. ಭಾಗಗಳ ಹೆಸರೂ ಸರಿ ಇರುತ್ತೆ. ಚಿತ್ರ ಮುಚ್ಚಿಸಿ ‘ಎಡ ಹೃತ್ಕುಕ್ಷಿಯ (ಕೆಳಗಿನ ಕೋಣೆಯ) ಗೋಡೆ ಯಾಕೆ ದಪ್ಪ?’ ಅಂತ ಕೇಳಿದ್ರೆ ಇಡೀ ಕ್ಲಾಸಿನದ್ದು ಒಂದೇ ಉತ್ತರ: ‘ಅದು ಜಾಸ್ತಿ ರಕ್ತ ಪಂಪ್ ಮಾಡುತ್ತೆ ಸಾರ್.’ ಇದು ಶುದ್ಧ ತಪ್ಪು. ಬಲಗಡೆಯಿಂದ ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ಹೋದ್ರೆ ಎಡಗಡೆಯಿಂದಲೂ ಅಷ್ಟೇ ಹೋಗಬೇಕು. ಎಡಗಡೆ ಹಿಂದೆ ಬಿದ್ದರೆ ರಕ್ತ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತೆ. ವ್ಯತ್ಯಾಸ ಇರೋದು ಒತ್ತಡದಲ್ಲಿ ಅಂತ ಹೇಳಿದ್ರೆ ತಲೆ ಆಡಿಸ್ತಾರೆ, ಮರುದಿನ ಮತ್ತೆ ‘ಜಾಸ್ತಿ ರಕ್ತ’.

ಒತ್ತಡ ಅನ್ನೋದನ್ನ ಮಕ್ಕಳ ಕೈಗೆ ಸಿಗೋ ಹಾಗೆ ತೋರಿಸೋದು ಹೇಗೆ? ದಯವಿಟ್ಟು ಸ್ಮಾರ್ಟ್‌ಕ್ಲಾಸ್ ವಿಡಿಯೊ ಅನ್ನಬೇಡಿ. ಆಷಾಢದಲ್ಲಿ ನಮ್ಮ ಕಡೆ ಕರೆಂಟ್ ಇದ್ದರೆ ಅದೇ ಸುದ್ದಿ.

ಗುಡ್ಡದಂಚು:
ಎಂತಕ್ಕೆ ಅಷ್ಟು ತಲೆಬಿಸಿ ಮಾರಾಯ್ರೆ. ಅಡಿಕೆ ತೋಟ ಇರೋ ಮನೆ ಮಕ್ಕಳಿಗೆ ಪಂಪ್‌ಸೆಟ್ ಗೊತ್ತಿಲ್ವಾ? ಬಾವಿಯಿಂದ ಅಂಗಳದ ತೊಟ್ಟಿಗೆ ನೀರೆತ್ತೋಕೆ ಅರ್ಧ ಎಚ್‌ಪಿ ಸಾಕು. ಅದೇ ನೀರನ್ನ ಅಷ್ಟೇ ವೇಗದಲ್ಲಿ ಗುಡ್ಡದ ತಲೆಗೆ ಏರಿಸಬೇಕು ಅಂದ್ರೆ ದೊಡ್ಡ ಮೋಟಾರು ಬೇಕು. ನಿಮಿಷಕ್ಕೆ ಲೀಟರ್ ಅಷ್ಟೇ, ಹೆಡ್ (ನೀರು ಏರಬೇಕಾದ ಎತ್ತರ) ಬೇರೆ. ಬಲಗಡೆಯದ್ದು ಅಂಗಳದ ತೊಟ್ಟಿ, ಎಡಗಡೆಯದ್ದು ಗುಡ್ಡ. ಮುಗೀತು.

ಬಯಾಲಜಿ_ಮೇಡಂ:
@ಗುಡ್ಡದಂಚು ಮಾತು ಸರಿ, ಆದ್ರೆ ಮುಗಿಯಲ್ಲ. ಮಕ್ಕಳ ತಲೇಲಿ ‘ದೊಡ್ಡ ಮೋಟಾರು’ ಅಷ್ಟೇ ಉಳಿಯುತ್ತೆ, ದೊಡ್ಡ ಮೋಟಾರು ಅಂದ್ರೆ ಜಾಸ್ತಿ ನೀರು ಅಂತ ಮತ್ತೆ ಅಲ್ಲಿಗೇ ಬರ್ತಾರೆ. ಅಂಕಿ ಕೊಟ್ಟೇ ಹೇಳಬೇಕು. ಬಲ ಹೃತ್ಕುಕ್ಷಿ ಹಿಂಡಿದಾಗ ಒತ್ತಡ ಪಾದರಸದ ಸುಮಾರು 25 ಮಿ.ಮೀ., ಎಡದ್ದು ಸುಮಾರು 120. ಗೋಡೆಯೂ ಹಾಗೇ: ಬಲಗಡೆ 3ರಿಂದ 5 ಮಿ.ಮೀ., ಎಡಗಡೆ ಸುಮಾರು 10.

ಇನ್ನೊಂದು. ಎಡ-ಬಲ ಮೊದಲು ಸರಿ ಮಾಡಿಸಿ, ಅದಾಗದೇ ಒತ್ತಡಕ್ಕೆ ಹೋಗಬೇಡಿ. ಚಿತ್ರದ ಎಡಗಡೆ ಕಾಣೋದು ಹೃದಯದ ಬಲಭಾಗ, ಯಾಕಂದ್ರೆ ಚಿತ್ರದಲ್ಲಿರೋ ಮನುಷ್ಯ ನಮ್ಮ ಎದುರು ನಿಂತಿದ್ದಾನೆ. ಬಾಯಲ್ಲಿ ಹೇಳಿದ್ರೆ ಅರ್ಧ ಮಕ್ಕಳಿಗೆ ಹತ್ತಲ್ಲ. ಒಬ್ಬ ಹುಡುಗನ್ನ ಮುಂದೆ ಕರೆದು, ಪುಸ್ತಕ ಬಿಡಿಸಿ ಚಿತ್ರ ಹೊರಗೆ ಕಾಣೋ ಹಾಗೆ ಅವನ ಎದೆಗೆ ಒತ್ತಿ ಹಿಡಿಸಿ. ‘ನಿನ್ನ ಎಡಗೈಯಲ್ಲಿ ಚಿತ್ರದ ದಪ್ಪ ಗೋಡೆ ಮುಟ್ಟು’ ಅನ್ನಿ. ಎಡಗೈ ತಾನಾಗಿ ಎಡ ಹೃತ್ಕುಕ್ಷಿ ಮೇಲೆ ಬೀಳುತ್ತೆ. ಎರಡು ನಿಮಿಷದ ಕೆಲಸ.

ಲ್ಯಾಬ್‌ಬೆಂಚ್:
ಮೇಷ್ಟ್ರೇ, ನೀವು ಕೇಳ್ತಿರೋದನ್ನ ಗಾರೆ ಕೆಲಸದ ಲೆವೆಲ್ ಪೈಪಲ್ಲಿ ಮಾಡಬಹುದು.

ಪಾದರಸ ನೀರಿಗಿಂತ 13.6 ಪಟ್ಟು ಭಾರ. 120 ಮಿ.ಮೀ. ಪಾದರಸ ಅಂದ್ರೆ 120 × 13.6 = 1632 ಮಿ.ಮೀ. ನೀರು, ಅಂದ್ರೆ 163 ಸೆಂ.ಮೀ. 25 ಮಿ.ಮೀ. ಅಂದ್ರೆ 34 ಸೆಂ.ಮೀ. ಒಂದು ಹತ್ತನೇ ಕ್ಲಾಸಿನ ಹುಡುಗಿಯ ಎತ್ತರ, ಇನ್ನೊಂದು ಒಂದಡಿ ಸ್ಕೇಲಿಗಿಂತ ಸ್ವಲ್ಪ ಜಾಸ್ತಿ. ಬೋರ್ಡಿನ ಪಕ್ಕ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರೇ ಅರ್ಧ ಪಾಠ ಆಯ್ತು.

ಈಗ ಪ್ರಯೋಗ. ಒಳವ್ಯಾಸ 6 ಮಿ.ಮೀ. ಇರೋ ಪಾರದರ್ಶಕ ಪೈಪು ತಗೊಳ್ಳಿ. ಎರಡು ತುಂಡು, ಒಂದರ ಬಾಯಿ ನೆಲದಿಂದ 34 ಸೆಂ.ಮೀ. ಎತ್ತರಕ್ಕೆ, ಇನ್ನೊಂದರದ್ದು 163 ಸೆಂ.ಮೀ.ಗೆ ಬರೋ ಹಾಗೆ ಗೋಡೆಗೆ ಅಂಟಿಸಿ. ಮೇಲಿನ ತುದಿಯನ್ನ ಸ್ವಲ್ಪ ಬಗ್ಗಿಸಿ ಒಂದು ಲೋಟದೊಳಗೆ ಬಿಡಿ. ಕೆಳತುದಿಗೆ 50 ಮಿ.ಲೀ. ಸಿರಿಂಜು. ಸೂಜಿ ಹಾಕೋ ಮಾಮೂಲಿ ಸಿರಿಂಜಿನ ಮೂತಿ ಸಣ್ಣದು, ಪೈಪು ಕಚ್ಚಲ್ಲ. ಮೂಗಿನ ನಳಿಗೆಯಲ್ಲಿ ಗಂಜಿ ಕೊಡೋಕೆ ಬಳಸೋ ಉದ್ದ ಮೂತಿಯ ಫೀಡಿಂಗ್ ಸಿರಿಂಜ್ ಕೇಳಿ, ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಎರಡೂ ಪೈಪಿಗೆ ಬಣ್ಣದ ನೀರು ಬಾಯಿ ತನಕ ತುಂಬಿಸಿ, ಗುಳ್ಳೆ ಇರದ ಹಾಗೆ. ಆಮೇಲೆ ಮಕ್ಕಳು ಸರದಿಯಲ್ಲಿ ಬಂದು ಎರಡಕ್ಕೂ ತಲಾ 10 ಮಿ.ಲೀ. ತಳ್ಳಲಿ. ಎರಡೂ ಲೋಟಕ್ಕೆ ಬೀಳೋದು ಅದೇ 10 ಮಿ.ಲೀ. ಹೆಬ್ಬೆರಳಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ. ‘ಜಾಸ್ತಿ ರಕ್ತ’ ಅನ್ನೋ ಉತ್ತರ ಅಲ್ಲೇ ಸಾಯುತ್ತೆ.

ಕೆಡೋದು ಎಲ್ಲಿ ಅಂದ್ರೆ, ಖಾಲಿ ಪೈಪಿನಿಂದ ಶುರು ಮಾಡಿದಾಗ. 34 ಸೆಂ.ಮೀ.ಗೆ ಏರಿಸೋಕೆ 10 ಮಿ.ಲೀ. ಸಾಕು, 163ಕ್ಕೆ 46 ಮಿ.ಲೀ. ಬೇಕು. ಆಗ ಮಕ್ಕಳು ‘ನೋಡಿ ಸಾರ್, ಎಡಕ್ಕೆ ಜಾಸ್ತಿ ಬೇಕಾಯ್ತು’ ಅಂತಾರೆ. ನೀವು ಕೊಲ್ಲೋಕೆ ಹೊರಟ ತಪ್ಪನ್ನ ನೀವೇ ಸಾಕಿದ ಹಾಗೆ. ಮೊದಲೇ ತುಂಬಿಸಿರಬೇಕು. ಎರಡನೇದು ಸಣ್ಣ ಸಿರಿಂಜು. 10 ಮಿ.ಲೀ. ಸಿರಿಂಜಿನ ದಂಡ ಸಪೂರ, 163 ಸೆಂ.ಮೀ. ನೀರಿಗೂ ಮುನ್ನೂರು ಗ್ರಾಂ ಒತ್ತಿದ್ರೆ ಸಾಕು, ರಬ್ಬರಿನ ತಿಕ್ಕಾಟದಲ್ಲೇ ಅದು ಮುಚ್ಚಿಹೋಗುತ್ತೆ. 50ರದ್ದಕ್ಕೆ ಸುಮಾರು ಒಂದು ಕೆಜಿ ಭಾರ ಬೀಳುತ್ತೆ, ಬಲಗಡೆಯದಕ್ಕೆ ಇನ್ನೂರು ಗ್ರಾಂ. ರಬ್ಬರಿಗೆ ಎಣ್ಣೆ ಹಚ್ಚಬೇಡಿ, ಉಬ್ಬಿ ಕಚ್ಚಿಕೊಳ್ಳುತ್ತೆ. ಒಂದು ಹನಿ ಗ್ಲಿಸರಿನ್ ಸಾಕು.

ತುಂಗಾತೀರ:
ಲೆವೆಲ್ ಪೈಪು ದುಡ್ಡು ಕೊಟ್ಟು ತರಬೇಕಾ? ಗಾರೆ ಮೇಸ್ತ್ರಿ ಹತ್ರ ಒಂದು ತುಂಡು ಕೇಳಿದ್ರೆ ಕೊಡ್ತಾರೆ.

ಲ್ಯಾಬ್‌ಬೆಂಚ್:
ಕೊಡ್ತಾರೆ, ಆದ್ರೆ ಅವರದ್ದು ಸಾಮಾನ್ಯವಾಗಿ ಅಗಲದ್ದು. 10 ಮಿ.ಮೀ. ಒಳವ್ಯಾಸ ಆದ್ರೆ ಉದ್ದದ ಪೈಪು ತುಂಬೋಕೇ 128 ಮಿ.ಲೀ. ಬೇಕು, ಸಿರಿಂಜಿನ ಮೂತಿಯೂ ಕೂರಲ್ಲ. ಒತ್ತಡಕ್ಕೆ ಪೈಪಿನ ಅಗಲ ಲೆಕ್ಕಕ್ಕಿಲ್ಲ, ನಮ್ಮ ಅನುಕೂಲಕ್ಕೆ ಸಪೂರದ್ದು.

ಇದೇನೂ ಹೊಸ ಐಡಿಯಾ ಅಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಸಿಕ್ಕಿಸಿ, ರಕ್ತ 8 ಅಡಿ 3 ಅಂಗುಲ ಏರಿದ್ದನ್ನ ಅಳೆದು 1733ರಲ್ಲಿ ಪ್ರಕಟಿಸಿದ. ರಕ್ತದೊತ್ತಡವನ್ನ ಅಳತೆಗೆ ತಂದದ್ದೇ ಹಾಗೆ.

ಪ್ರಶ್ನೆಪತ್ರಿಕೆ:
ಎಲ್ಲ ಚೆಂದ. ಪರೀಕ್ಷೆಲಿ ಕೇಳೋದು ಚಿತ್ರ, ನಾಲ್ಕು ಭಾಗ. ಜನವರಿ ಒಳಗೆ ಪೋರ್ಷನ್ ಮುಗಿಸಬೇಕು, ಆಮೇಲೆ ಪೂರ್ವಸಿದ್ಧತಾ ಪರೀಕ್ಷೆ. ಪೈಪು ಕಟ್ಟಿಕೊಂಡು ಕೂರೋಕೆ ಪೀರಿಯಡ್ ಎಲ್ಲಿದೆ ಸಾರ್?

ಬಯಾಲಜಿ_ಮೇಡಂ:
ಪೈಪು ಹಿಂದಿನ ದಿನವೇ ಕಟ್ಟಿಟ್ಟರೆ ಕ್ಲಾಸಲ್ಲಿ ಹದಿನೈದು ನಿಮಿಷ. ಚಿತ್ರಕ್ಕೂ ಅದರಿಂದಲೇ ಲಾಭ. ಹೆಸರು ಉರು ಹೊಡೆದ ಮಗು ಪರೀಕ್ಷೆ ಭಯದಲ್ಲಿ ಪುಪ್ಪುಸಕ (ಶ್ವಾಸಕೋಶದ) ಅಪಧಮನಿ, ಪುಪ್ಪುಸಕ ಅಭಿಧಮನಿ ಅದಲು ಬದಲು ಮಾಡುತ್ತೆ. ಒಂದು ಹನಿ ರಕ್ತದ ದಾರಿ ಗೊತ್ತಿದ್ದ ಮಗು ಮಾಡಲ್ಲ. ಮಹಾಭಿಧಮನಿ, ಬಲ ಹೃತ್ಕರ್ಣ (ಮೇಲಿನ ಕೋಣೆ), ತ್ರಿದಳ ಕವಾಟ, ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶ, ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ದ್ವಿದಳ ಕವಾಟ, ಎಡ ಹೃತ್ಕುಕ್ಷಿ, ಮಹಾಪಧಮನಿ. ಅಂಗಳದಲ್ಲಿ ಸುಣ್ಣದ ಗೆರೆ ಹಾಕಿ ಮಕ್ಕಳನ್ನೇ ನಡೆಸಿ, ಪ್ರತಿ ಜಾಗದಲ್ಲೂ ಹೆಸರು ಕೂಗಲಿ. ಅಪಧಮನಿ ಅಂದ್ರೆ ಹೃದಯದಿಂದ ಹೊರಗೆ, ಅಭಿಧಮನಿ ಅಂದ್ರೆ ಹೃದಯಕ್ಕೆ ಒಳಗೆ. ಅಪಧಮನೀಲಿ ‘ಶುದ್ಧ ರಕ್ತ’, ಅಭಿಧಮನೀಲಿ ‘ಅಶುದ್ಧ ರಕ್ತ’ ಅಂತ ಹೇಳಿಕೊಟ್ಟಲ್ಲೇ ಗೊಂದಲ ಶುರು. ಪುಪ್ಪುಸಕದ ಎರಡಕ್ಕೂ ಆ ನಿಯಮ ಉಲ್ಟಾ ಹೊಡೆಯುತ್ತೆ.

ಸೊರಬದವ:
ಅಶುದ್ಧ ರಕ್ತ ನೀಲಿ ಅಲ್ವಾ? ಕೈ ಮೇಲೆ ನರ ನೀಲಿ ಕಾಣುತ್ತಲ್ಲ.

ಲ್ಯಾಬ್‌ಬೆಂಚ್:
ಅದು ನರ ಅಲ್ಲ, ಅಭಿಧಮನಿ. ಒಳಗಿನ ರಕ್ತ ಕಡುಗೆಂಪು. ಚರ್ಮದ ಮೂಲಕ ಬೆಳಕು ಹೋಗಿ ಬರೋ ರೀತಿಯಿಂದ ನೀಲಿ ಕಾಣುತ್ತೆ. ಲ್ಯಾಬಲ್ಲಿ ರಕ್ತ ತೆಗೆಯೋದು ಅಭಿಧಮನಿಯಿಂದಲೇ, ಸಿರಿಂಜಲ್ಲಿ ಯಾರಾದ್ರೂ ನೀಲಿ ನೋಡಿದ್ದೀರಾ?

ಅಂಗರಚನೆ_ಶಿವಮೊಗ್ಗ:
ಪೈಪು ಆಯ್ತು. ಗೋಡೆ ದಪ್ಪ ಕಣ್ಣಾರೆ ನೋಡಬೇಕು ಅಂದ್ರೆ ಮಟನ್ ಅಂಗಡಿಯ ಕುರಿ ಗುಂಡಿಗೆಗಿಂತ ಒಳ್ಳೇದು ಇಲ್ಲ. ನಾಲ್ಕು ಕೋಣೆ, ಅದೇ ಕವಾಟ, ಮುಷ್ಟಿಗಿಂತ ಸ್ವಲ್ಪ ಚಿಕ್ಕದು.

ಹಿಂದಿನ ದಿನವೇ ಹೇಳಿಡಿ. ಅಂಗಡಿಯವರು ರೂಢಿಯಂತೆ ಮೇಲಿನ ನಳಿಗೆಗಳನ್ನ ಬುಡಕ್ಕೇ ಕೊಯ್ದು, ರಕ್ತ ಬಸಿಯಲಿ ಅಂತ ಗುಂಡಿಗೆಗೆ ಒಂದು ಸೀಳು ಹಾಕ್ತಾರೆ. ಹಾಗಾದ್ರೆ ಪಾಠಕ್ಕೆ ಬರಲ್ಲ. ‘ಶ್ವಾಸಕೋಶ ಸಮೇತ ಕೊಡಿ, ಸೀಳಬೇಡಿ’ ಅನ್ನಿ. ಅವತ್ತೇ ಬಳಸಿ, ಇಲ್ಲ ರಾತ್ರಿ ಫ್ರಿಜ್ಜಲ್ಲಿಡಿ. ಫ್ರೀಜರಲ್ಲಿ ಬೇಡ, ಕವಾಟ ಮೆತ್ತಗಾಗಿ ಹರಿಯುತ್ತೆ. ಫಾರ್ಮಲಿನ್ ಹತ್ತಿರಕ್ಕೂ ತರಬೇಡಿ, ಮುಚ್ಚಿದ ಕ್ಲಾಸಲ್ಲಿ ಮಕ್ಕಳ ಕಣ್ಣು ಮೂಗು ಉರಿದುಹೋಗುತ್ತೆ.

ಕೊಯ್ಯೋ ಮೊದಲು ಹಿಂಡಿ ನೋಡಿಸಿ. ಒಂದು ಬದಿ ಮೆತ್ತಗೆ ಒಳಗೆ ಹೋಗುತ್ತೆ, ಅದು ಬಲ. ಗಟ್ಟಿ ಇರೋದು ಎಡ, ತುದಿ ಪೂರ್ತಿ ಎಡ ಹೃತ್ಕುಕ್ಷಿಯದ್ದೇ. ಮುಂಭಾಗ ಯಾವುದು ಅಂದ್ರೆ, ಓರೆಯಾಗಿ ಇಳಿಯೋ ಕೊಬ್ಬಿನ ಗೆರೆ ಇರೋದು. ಆ ಕೊಬ್ಬಿನಡಿ ಹೃದಯಕ್ಕೇ ರಕ್ತ ಕೊಡೋ ಕರೋನರಿ ಅಪಧಮನಿ ಓಡುತ್ತೆ, ಹಾರ್ಟ್ ಅಟ್ಯಾಕಲ್ಲಿ ಕಟ್ಟೋದು ಅದೇ. ಮೇಲಿನ ನಳಿಗೆಗಳಲ್ಲಿ ಬೆರಳು ಬಿಟ್ಟು ನೋಡಿ. ದಪ್ಪ, ರಬ್ಬರಿನ ಥರದ ನಳಿಗೆ ಎಡಕ್ಕೆ ಇಳಿದ್ರೆ ಮಹಾಪಧಮನಿ. ಮುಂದಿರೋದು ಬಲಕ್ಕೆ ಇಳಿದ್ರೆ ಪುಪ್ಪುಸಕ ಅಪಧಮನಿ.

ಕೊಯ್ಯೋದು ಹೀಗೆ. ಬಲಕ್ಕೆ ಪುಪ್ಪುಸಕ ಅಪಧಮನಿಯಿಂದ ಕತ್ತರಿ ಇಳಿಸಿ, ಆ ಕೊಬ್ಬಿನ ಗೆರೆಗೆ ಒಂದು ಸೆಂ.ಮೀ. ಬಿಟ್ಟು ಸಮಾನಾಂತರವಾಗಿ ಕೆಳಗೆ ಬನ್ನಿ. ಎಡಕ್ಕೆ ಹೃತ್ಕರ್ಣದಿಂದ ನೇರ ತುದಿ ತನಕ. ಒಳಗೆ ಕಪ್ಪು ಹೆಪ್ಪು ಇರುತ್ತೆ, ತಣ್ಣೀರಲ್ಲಿ ತೊಳೀರಿ, ಬಿಸಿನೀರು ಹಾಕಿದ್ರೆ ಮಾಂಸ ಬೆಂದು ಬಿಳುಚಾಗುತ್ತೆ. ಈಗ ಎರಡು ಗೋಡೆ ಅಕ್ಕಪಕ್ಕ ಇಟ್ಟು ಸ್ಕೇಲಲ್ಲಿ ಅಳೆಸಿ, ಮಕ್ಕಳೇ ಬರಕೊಳ್ಳಲಿ.

ಕವಾಟದ ಅಂಚಿನಿಂದ ಗೋಡೆಗೆ ಬಿಳಿ ದಾರಗಳು ಕಾಣುತ್ತೆ. ಸಪೂರ, ಆದ್ರೆ ಎಳೆದ್ರೆ ಹರಿಯಲ್ಲ. ದಾರ ಎಳೆದು ಕವಾಟ ತೆರೆಯುತ್ತೆ ಅಂತ ಬಹಳ ಕಡೆ ಹೇಳಿಕೊಡ್ತಾರೆ, ತಪ್ಪು. ಕವಾಟ ತೆರೆಯೋದೂ ಮುಚ್ಚೋದೂ ಒತ್ತಡದಿಂದಲೇ. ಮುಚ್ಚಿದ ಕವಾಟ ಹೃತ್ಕರ್ಣದ ಕಡೆ ಮಗುಚಿಕೊಳ್ಳದ ಹಾಗೆ ತಡೆಹಿಡಿಯೋದಷ್ಟೇ ದಾರದ ಕೆಲಸ.

ಹಳೇಬೇರು:
ಶಾಲೆಯೊಳಗೆ ಮಾಂಸ? ನಮ್ಮೂರ ಶಾಲೇಲಿ ಅರ್ಧ ಮಕ್ಕಳು ಮೊಟ್ಟೆನೂ ಮುಟ್ಟಲ್ಲ. ಪೋಷಕರು ಮರುದಿನವೇ ಗೇಟಿಗೆ ಬರ್ತಾರೆ.

ಅಂಗರಚನೆ_ಶಿವಮೊಗ್ಗ:
ಒತ್ತಾಯ ಬೇಡವೇ ಬೇಡ. ಹಿಂದಿನ ದಿನ ಹೇಳಿ, ಬರೋರು ಬರಲಿ, ಜಗಲಿ ಮೇಲೆ ಬೇರೆ ಟೇಬಲ್ಲು ಹಾಕಿ. ಬಿಸಿಯೂಟದ ಕೋಣೆ, ಕುಡಿಯೋ ನೀರಿನ ಹತ್ರ ಮಾತ್ರ ಬೇಡ. ನೋಡಲ್ಲ ಅನ್ನೋರಿಗೆ ಲ್ಯಾಬ್‌ಬೆಂಚ್ ಹೇಳಿದ ಪೈಪು ಸಾಕು, ಕಲಿಕೆಯಲ್ಲಿ ಏನೂ ಕಮ್ಮಿ ಆಗಲ್ಲ. ಕಪ್ಪೆ, ಇಲಿ ಕೊಂದು ಕೊಯ್ಯೋ ಮಾತು ಬೇರೆ, ಅದಕ್ಕೆ ನಾನೂ ವಿರೋಧ.

ಬಾಡೂಟ_ಭದ್ರಾವತಿ:
ಪಾಠ ಆದ ಮೇಲೆ ಗುಂಡಿಗೆ ಯಾರ ಮನೆಗೆ ಹೋಗುತ್ತೆ? 😄

ಅಂಗರಚನೆ_ಶಿವಮೊಗ್ಗ:
ಯಾರ ಮನೆಗೂ ಇಲ್ಲ. ಮೂವತ್ತು ಕೈ ಮುಟ್ಟಿ, ಗಂಟೆಗಟ್ಟಲೆ ಹೊರಗಿದ್ದ ಮಾಂಸ ತಿನ್ನಬಾರದು. ನಾಯಿ ಕೆದಕದ ಹಾಗೆ ಎರಡಡಿ ಆಳ ತೋಡಿ ಹೂಳಿ. ಟೇಬಲ್ಲು, ಕತ್ತರಿ ಒರೆಸೋಕೆ ಬ್ಲೀಚಿಂಗ್ ಪೌಡರ್: ಲೀಟರ್ ನೀರಿಗೆ ಸುಮಾರು 33 ಗ್ರಾಂ, ಪೌಡರಲ್ಲಿ ಕ್ಲೋರಿನ್ ಶೇ 30 ಇದ್ದರೆ ಶೇ 1ರ ದ್ರಾವಣ ಆಗುತ್ತೆ. ವರ್ಷಗಟ್ಟಲೆ ಬಾಯಿ ಬಿಚ್ಚಿಟ್ಟ ಪೌಡರಲ್ಲಿ ಕ್ಲೋರಿನ್ನೇ ಉಳಿದಿರಲ್ಲ. ಕೈ ಸೋಪಲ್ಲಿ ತೊಳೆಸಿ.

ಸಿಸ್ಟರ್_ಸಾಗರ:
ಕವಾಟದ ಮಾತು ಬಂತಲ್ಲ, ಅಲ್ಲೇ ಒಂದು ಕಾಯಿಲೆ ಸೇರಿಸಿ ಹೇಳಿ ಮೇಷ್ಟ್ರೇ. ಈ ವಯಸ್ಸಿನ ಮಕ್ಕಳಿಗೇ ಬರೋದು.

5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಸರಿಯಾಗಿ ಔಷಧಿ ಆಗದೇ ಹೋದ್ರೆ, ಕೆಲವರಿಗೆ ಎರಡು ಮೂರು ವಾರದ ಮೇಲೆ ಜ್ವರ, ಕೀಲುನೋವು ಶುರುವಾಗುತ್ತೆ. ಇವತ್ತು ಮೊಣಕಾಲು, ನಾಳೆ ಮಣಿಕಟ್ಟು, ಹೀಗೆ ಜಾಗ ಬದಲಾಯಿಸೋ ನೋವು. ರುಮ್ಯಾಟಿಕ್ ಜ್ವರ ಅಂತಾರೆ. ಬ್ಯಾಕ್ಟೀರಿಯಾ ಮೇಲೆ ಹೋರಾಡಬೇಕಿದ್ದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಅಂಗಾಂಶದ ಮೇಲೆ ಬೀಳುತ್ತೆ. ಕೀಲು ವಾಸಿಯಾಗುತ್ತೆ, ಕವಾಟ ಆಗಲ್ಲ. ಹೆಚ್ಚು ಪೆಟ್ಟು ಬೀಳೋದು ದ್ವಿದಳ ಕವಾಟಕ್ಕೆ. ಮೊದಲು ಸೋರುತ್ತೆ, ವರ್ಷಗಳು ಕಳೆದ ಮೇಲೆ ಅಂಚು ಅಂಟಿಕೊಂಡು ಕಿರಿದಾಗುತ್ತೆ.

ಒಮ್ಮೆ ಬಂದವರಿಗೆ ಮರುಕಳಿಸದ ಹಾಗೆ 21 ದಿನಕ್ಕೊಂದು ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್ ಕೊಡ್ತಾರೆ, ವರ್ಷಗಟ್ಟಲೆ. ಚುಚ್ಚಿದ ಜಾಗ ನೋಯುತ್ತೆ ಅಂತ ಮಕ್ಕಳು ಅರ್ಧಕ್ಕೇ ಬಿಡ್ತಾರೆ, ಅಲ್ಲೇ ಅನಾಹುತ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡೋ ಮಗು ಕಂಡ್ರೆ ಶಾಲೆಗೆ ತಪಾಸಣೆಗೆ ಬರೋ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. ಅವರ ಪಟ್ಟಿಯಲ್ಲಿ ಈ ಕಾಯಿಲೆ ಇದೆ.

ತುಂಗಾತೀರ:
ಸ್ಟೆತಾಸ್ಕೋಪಲ್ಲಿ ಕೇಳೋ ಲಬ್-ಡಬ್ ಕವಾಟದ್ದೇ ಅಲ್ವಾ ಸಿಸ್ಟರ್?

ಸಿಸ್ಟರ್_ಸಾಗರ:
ಹೌದು. ಲಬ್ ಅಂದ್ರೆ ದ್ವಿದಳ, ತ್ರಿದಳ ಮುಚ್ಚಿದ್ದು. ಡಬ್ ಅಂದ್ರೆ ಅಪಧಮನಿಗಳ ಬುಡದ ಅರ್ಧಚಂದ್ರ ಕವಾಟ ಮುಚ್ಚಿದ್ದು. ಸೋರಿದ್ರೆ ನಡುವೆ ‘ಬುಸ್’ ಅನ್ನೋ ಸದ್ದು ಸೇರುತ್ತೆ.

ಮಕ್ಕಳ ಮೇಲೆ ಬಿಪಿ ನೋಡೋ ಚಟುವಟಿಕೆ ಮಾಡಿಸೋದಾದ್ರೆ ಕ್ರಮ ತಪ್ಪಿಸಬೇಡಿ. ಆಟದ ಪೀರಿಯಡ್ಡಿಂದ ಓಡಿ ಬಂದವರನ್ನ ಐದು ನಿಮಿಷ ಕೂರಿಸಿ. ಬೆನ್ನಿಗೆ ಆನಿಕೆ, ಕಾಲು ನೆಲಕ್ಕೆ, ಕಾಲ ಮೇಲೆ ಕಾಲು ಬೇಡ, ಮಾತು ಬೇಡ. ಸ್ವೆಟರ್ ಮೇಲೆ ಪಟ್ಟಿ ಸುತ್ತಬಾರದು. ಪಟ್ಟಿ ಚಿಕ್ಕದಾದ್ರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತೆ, ದೊಡ್ಡದಾದ್ರೆ ಕಮ್ಮಿ. ಗಾಳಿ ಸೆಕೆಂಡಿಗೆ 2-3 ಮಿ.ಮೀ. ಇಳಿಯೋ ಹಾಗೆ ಬಿಡಬೇಕು, ಬುಸ್ಸಂತ ಬಿಟ್ರೆ ಮೊದಲ ಸದ್ದು ತಪ್ಪಿಹೋಗುತ್ತೆ. ಮಕ್ಕಳ ಅಂಕಿಯನ್ನ ದೊಡ್ಡವರ 140/90ಕ್ಕೆ ಹೋಲಿಸಬೇಡಿ, ಮಕ್ಕಳ ಮಿತಿ ವಯಸ್ಸು, ಎತ್ತರದ ಮೇಲೆ ನಿಲ್ಲುತ್ತೆ. ಪಾದರಸದ ಹಳೇ ಯಂತ್ರ ಕ್ಲಾಸಿಗೆ ತರಲೇಬೇಡಿ, ಒಡೆದ್ರೆ ನೆಲದ ಸಂದಿಯಲ್ಲಿ ಕೂತ ಪಾದರಸ ಆವಿಯಾಗ್ತಾನೇ ಇರುತ್ತೆ.

ಲ್ಯಾಬ್‌ಬೆಂಚ್:
ತೋಳು ಹೃದಯದ ಮಟ್ಟದಲ್ಲಿರಬೇಕು ಅನ್ನೋದನ್ನೂ ಸೇರಿಸಿ ಸಿಸ್ಟರ್. ಕೈ 10 ಸೆಂ.ಮೀ. ಕೆಳಗೆ ಜೋತುಬಿಟ್ರೆ 7-8 ಮಿ.ಮೀ. ಜಾಸ್ತಿ ತೋರಿಸುತ್ತೆ. ಇದೂ ಪೈಪಿನ ಲೆಕ್ಕವೇ.

ಪ್ರಶ್ನೆಪತ್ರಿಕೆ:
ಅದೇ ಲೆಕ್ಕದಲ್ಲಿ ದಿನವಿಡೀ ನಿಂತು ಪಾಠ ಮಾಡೋ ಮೇಷ್ಟ್ರ ಕಾಲಿನ ಗತಿ?

ಲ್ಯಾಬ್‌ಬೆಂಚ್:
ಹೃದಯದಿಂದ ಪಾದಕ್ಕೆ 120 ಸೆಂ.ಮೀ. ಅಂತಿಟ್ಟರೆ ಸುಮ್ಮನೆ ನಿಂತಾಗ ಪಾದದ ಅಭಿಧಮನಿಯಲ್ಲಿ 90 ಮಿ.ಮೀ. ಹತ್ತಿರ. ಒಳಗಿನ ಪುಟ್ಟ ಕವಾಟಗಳು ಸೋತ್ರೆ ಉಬ್ಬಿದ ವೆರಿಕೋಸ್ ಅಭಿಧಮನಿ. ಮೀನಖಂಡ ಹಿಂಡಿದಾಗಲೆಲ್ಲ ರಕ್ತ ಮೇಲೇರುತ್ತೆ, ಹಾಗಾಗಿ ಒಂದೇ ಕಡೆ ನಿಲ್ಲಬೇಡಿ. ಬೆಂಚಿನ ನಡುವೆ ಓಡಾಡಿ, ಹಿಂದಿನ ಸಾಲಿನವರೂ ಎಚ್ಚರ ಇರ್ತಾರೆ.

ಸೊರಬದವ:
ಒಂದು ಬೇರೆ ಪ್ರಶ್ನೆ. ಉಂಬಳ (ಕಾಡಿನ ಜಿಗಣೆ) ಕಚ್ಚಿದ್ರೆ ಗಂಟೆಗಟ್ಟಲೆ ರಕ್ತ ನಿಲ್ಲಲ್ಲ, ಕತ್ತಿ ತಾಗಿದ್ರೆ ಐದು ನಿಮಿಷಕ್ಕೆ ನಿಲ್ಲುತ್ತೆ. ಮಕ್ಕಳು ಇದನ್ನ ಕೇಳಿಯೇ ಕೇಳ್ತಾರೆ.

ಬಯಾಲಜಿ_ಮೇಡಂ:
ಹೆಪ್ಪುಗಟ್ಟೋದರ ಪಾಠಕ್ಕೆ ಮಲೆನಾಡಲ್ಲಿ ಇದಕ್ಕಿಂತ ಒಳ್ಳೇ ಬಾಗಿಲಿಲ್ಲ. ಗಾಯ ಆದ ಕೂಡಲೇ ರಕ್ತನಾಳ ಕಿರಿದಾಗುತ್ತೆ, ಕಿರುತಟ್ಟೆಗಳು (ಪ್ಲೇಟ್‌ಲೆಟ್) ಬಂದು ತೂತಿಗೆ ಅಂಟುತ್ತೆ. ಆಮೇಲೆ ಥ್ರಾಂಬಿನ್ ಅನ್ನೋ ಕಿಣ್ವ ರಕ್ತದಲ್ಲಿ ಕರಗಿದ ಫೈಬ್ರಿನೋಜೆನ್ನನ್ನ ಫೈಬ್ರಿನ್ ಎಳೆಗಳಾಗಿ ಮಾಡಿ ಗಟ್ಟಿ ಕಟ್ಟುತ್ತೆ. ಉಂಬಳದ ಜೊಲ್ಲಲ್ಲಿರೋ ಹಿರುಡಿನ್ ಆ ಥ್ರಾಂಬಿನ್ನನ್ನೇ ಹಿಡಿದು ಕೂರಿಸುತ್ತೆ.

ಅಂಗರಚನೆ_ಶಿವಮೊಗ್ಗ:
ಹಿರುಡಿನ್ ಯುರೋಪಿನ ಔಷಧಿ ಜಿಗಣೆಯದ್ದು ಮೇಡಂ, ಅದು ನೀರಲ್ಲಿರೋದು. ನಮ್ಮ ಕಾಡಿನ ನೆಲದ ಮೇಲಿನ ಇಂಬಳ ಹೀಮಾಡಿಪ್ಸಾ ಕುಲದ್ದು, ಆ ಕುಲದ ಇಂಬಳದಿಂದ ಬೇರ್ಪಡಿಸಿದ್ದು ಹೀಮಾಡಿನ್. ಹಿಡಿಯೋದು ಅದೇ ಥ್ರಾಂಬಿನ್ನನ್ನ, ಅಣು ಬೇರೆ.

ಬಯಾಲಜಿ_ಮೇಡಂ:
ಹತ್ತನೇ ಕ್ಲಾಸಿಗೆ ಥ್ರಾಂಬಿನ್ ತನಕ ಹೋದ್ರೆ ಸಾಕು ಸಾರ್, ಇಂಬಳದ ಕುಲಗೋತ್ರ ಪಿಯುಸಿಗೆ ಇಟ್ಟುಕೊಳ್ಳಿ.

ಗುಡ್ಡದಂಚು:
ಸುಣ್ಣ ಹೊಗೆಸೊಪ್ಪು ಹಚ್ಚಿದ್ರೆ ಬಿಡುತ್ತೆ, ಅಷ್ಟು ಗೊತ್ತಿದ್ದರೆ ಸಾಕು ನಮಗೆ.

ಸಿಸ್ಟರ್_ಸಾಗರ:
ಬಿಡುತ್ತೆ, ಆದ್ರೆ ಗಾಯಕ್ಕೆ ಸುಣ್ಣ ತಾಗಿದ್ರೆ ಚರ್ಮ ಸುಡುತ್ತೆ. ಉಗುರಲ್ಲಿ ಬಾಯಿಯ ಬುಡ ಸವರಿ ಬಿಡಿಸಿ. ಸೋಪಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು, ಕಾಲು ಎತ್ತರಕ್ಕಿಡಿ. ನಡುನಡುವೆ ಎತ್ತಿ ‘ನಿಂತ್ತಾ’ ಅಂತ ನೋಡಿದ್ರೆ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಬರುತ್ತೆ. ಆಮೇಲೆ ನವೆ ಅಂತ ಕೆರೆದು ಕೀವು ಮಾಡಿಕೊಳ್ಳೋರೇ ಜಾಸ್ತಿ.

ಲ್ಯಾಬ್‌ಬೆಂಚ್:
ಹೆಪ್ಪಿನ ವಿಷಯದಲ್ಲಿ ಮಕ್ಕಳಿಗೆ ತಿಳಿದಿರಬೇಕಾದ ಇನ್ನೊಂದು, ಕೊಳಕುಮಂಡಲ ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಮಾಡೋ 20 ನಿಮಿಷದ ಪರೀಕ್ಷೆ. ಅಭಿಧಮನಿಯಿಂದ 2 ಮಿ.ಲೀ. ರಕ್ತ, ಹೊಸ, ಒಣಗಿದ ಗಾಜಿನ ನಳಿಗೆಗೆ. 20 ನಿಮಿಷ ಮುಟ್ಟೋ ಹಾಗಿಲ್ಲ. ಆಮೇಲೆ ಒಂದೇ ಸಲ ಓರೆ ಮಾಡಿ ನೋಡೋದು. ಹರಿದ್ರೆ ವಿಷ ಫೈಬ್ರಿನೋಜೆನ್ನನ್ನ ತಿಂದು ಮುಗಿಸಿದೆ ಅಂತ. ನಳಿಗೆ ಗಾಜಿನದ್ದೇ ಆಗಬೇಕು, ಗಾಜಿನ ಮೈ ತಾಗಿದಾಗಲೇ ಹೆಪ್ಪಿನ ಸರಣಿ ಚುರುಕಾಗೋದು. ಪ್ಲಾಸ್ಟಿಕ್ಕಲ್ಲಿ, ಅಥವಾ ಸೋಪುಪುಡಿ ಹಾಕಿ ತೊಳೆದ ಗಾಜಲ್ಲಿ, ಆರೋಗ್ಯವಂತರ ರಕ್ತವೂ ಕಟ್ಟದೇ ಕೂತು ದಾರಿ ತಪ್ಪಿಸುತ್ತೆ.

ಸೊರಬದವ:
ಹಾಗಾದ್ರೆ ಮಂಗನ ಕಾಯಿಲೆಲಿ ಮೂಗು, ವಸಡಲ್ಲಿ ರಕ್ತ ಬರೋದೂ ಇದೇ ಥರವಾ? ನಮ್ಮ ತಾಲ್ಲೂಕಿನ ಹೆಸರು ಇರೋ ಕಾಯಿಲೆ, ಮಕ್ಕಳಿಗೆ ಹೇಳಲೇಬೇಕು.

ಸಿಸ್ಟರ್_ಸಾಗರ:
ತಾಲ್ಲೂಕಿನ ಹೆಸರಲ್ಲ, ಕ್ಯಾಸನೂರು ಕಾಡಿನ ಹೆಸರು (ಕ್ಯಾಸನೂರು ಫಾರೆಸ್ಟ್ ಡಿಸೀಸ್), 1957ರಲ್ಲಿ ಅಲ್ಲಿ ಗುರುತಿಸಿದ್ದು. ದಾರಿ ಬೇರೆ. ಇಲ್ಲಿ ವಿಷ ಇಲ್ಲ, ವೈರಸ್. ಉಣುಗು ಕಚ್ಚಿ ಬರುತ್ತೆ, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಬಿಳಿ ರಕ್ತಕಣವೂ ಕಿರುತಟ್ಟೆಯೂ ಇಳಿಯುತ್ತೆ. ಕಿರುತಟ್ಟೆ ಮಾಮೂಲಿ ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ ಇರಬೇಕು. ಜ್ವರ ಬಿಟ್ಟು ಒಂದೆರಡು ವಾರ ಆದ ಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ತಲೆನೋವು, ನಡುಕ, ಗೊಂದಲ ಕಾಣಿಸುತ್ತೆ. ವಾಸಿಯಾಯ್ತು ಅಂತ ಮೈಮರೆಯಬಾರದು. ಸತ್ತ ಮಂಗ ಕಂಡ್ರೆ ಮುಟ್ಟದೇ ಆರೋಗ್ಯ ಕೇಂದ್ರಕ್ಕೆ ಹೇಳಬೇಕು. ಅದರ ಮೈಯಿಂದ ಉದುರಿದ ಉಣುಗು ಸುತ್ತಲಿನ ತರಗೆಲೆಯಲ್ಲೇ ಇರುತ್ತೆ.

ಹಳೇಬೇರು:
ಕಿರುತಟ್ಟೆ ಇಳಿದ್ರೆ, ಡೆಂಗಿಗೆ ಕುಡಿಸೋ ಹಾಗೆ ಪಪ್ಪಾಯಿ ಎಲೆ ರಸ ಕುಡಿಸಿ, ಏರುತ್ತೆ.

ಸಿಸ್ಟರ್_ಸಾಗರ:
ಡೆಂಗಿಯಲ್ಲಿ ಜೀವಕ್ಕೆ ಅಪಾಯ ತರೋದು ಹೆಚ್ಚಾಗಿ ಕಿರುತಟ್ಟೆಯ ಸಂಖ್ಯೆ ಅಲ್ಲ, ಲೋಮನಾಳ (ಕೂದಲಿನಷ್ಟು ಸಪೂರದ ರಕ್ತನಾಳ) ಸೋರಿ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಹೊರಗೆ ಹೋಗಿ ಬಿಪಿ ಬಿದ್ದುಹೋಗೋದು. ಅದು ಜ್ವರ ಇಳಿಯೋ ಹೊತ್ತಿಗೇ ಆಗೋದು. ಹೊಟ್ಟೆನೋವು, ನಿಲ್ಲದ ವಾಂತಿ, ಮೂತ್ರ ಕಮ್ಮಿ ಆದ್ರೆ ರಸ ಅರೆಯುತ್ತಾ ಕೂರದೇ ಆಸ್ಪತ್ರೆಗೆ ಕರಕೊಂಡು ಬನ್ನಿ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಇರೋ ಕಿರುತಟ್ಟೆಯ ಕೆಲಸವನ್ನೂ ಕೆಡಿಸುತ್ತೆ. ಪ್ಯಾರಾಸಿಟಮಾಲ್ ಮಾತ್ರ, ಅದೂ ಅಳತೆಯಲ್ಲಿ.

ಹಳೇಬೇರು:
ಎಲೆ ರಸ ಕುಡಿದು ಗುಣ ಆದವರು ಊರು ತುಂಬ ಇದ್ದಾರೆ.

ಲ್ಯಾಬ್‌ಬೆಂಚ್:
ಕುಡಿಯದೇ ಗುಣ ಆದವರೂ ಅಷ್ಟೇ ಇದ್ದಾರೆ. ಡೆಂಗಿ ಬಂದ ಹೆಚ್ಚಿನವರಿಗೆ ಜ್ವರ ಬಿಟ್ಟ ಮೇಲೆ ಕಿರುತಟ್ಟೆ ತಾನಾಗಿ ಏರುತ್ತೆ. ರಸ ಕುಡಿಸೋದೂ ಅದೇ ಹೊತ್ತಿಗೆ.

ಮೇಷ್ಟ್ರು_ಹೊಸನಗರ:
ಮಾತು ಕಾಡು ಸೇರಿತು, ಇರಲಿ, ಎಲ್ಲ ಬರಕೊಂಡೆ. ಪೈಪಿನ ವಿಷಯಕ್ಕೆ ಬರ್ತೀನಿ. 10 ಮಿ.ಲೀ. ತಳ್ಳಿದ ಮೇಲೆ ಇನ್ನೊಂದು ಮಗುವಿಗೆ ಕೊಡೋಕೆ ಸಿರಿಂಜು ಹಿಂದಕ್ಕೆ ಎಳೆದ್ರೆ ಪೈಪಿನ ನೀರೇ ಕೆಳಗೆ ಬರುತ್ತಲ್ಲ. ಪ್ರತಿ ಸಲ ಬಿಚ್ಚಿ ತುಂಬಬೇಕಾ?

ಲ್ಯಾಬ್‌ಬೆಂಚ್:
ಆ ಪ್ರಶ್ನೆ ಮಕ್ಕಳೇ ಕೇಳೋ ತನಕ ಕಾಯಿರಿ. ಕವಾಟ ಯಾಕೆ ಬೇಕು ಅನ್ನೋದು ಅಲ್ಲೇ ಬರುತ್ತೆ. ಅಕ್ವೇರಿಯಂ ಅಂಗಡಿಯಲ್ಲಿ ಗಾಳಿ ಪಂಪಿನ ನಾನ್‌ರಿಟರ್ನ್ ವಾಲ್ವ್ ಎರಡು, ಟಿ ಜಾಯಿಂಟ್ ಒಂದು, ಅವರದ್ದೇ ಸಣ್ಣ ಪೈಪು ಒಂದಡಿ ತನ್ನಿ. ಅದರ ಹೊರವ್ಯಾಸ 6 ಮಿ.ಮೀ., ನಿಮ್ಮ ಪೈಪಿನ ಒಳಗೆ ಸರಿಯಾಗಿ ತೂರುತ್ತೆ. ಬಕೆಟ್ಟಿಂದ ಟಿ ಜಾಯಿಂಟಿಗೆ ಒಂದು ವಾಲ್ವ್, ಟಿಯಿಂದ ಗೋಡೆಯ ಪೈಪಿಗೆ ಇನ್ನೊಂದು, ಎರಡರ ಬಾಣವೂ ಗೋಡೆ ಕಡೆ. ಟಿಯ ಮೂರನೇ ಕಾಲಿಗೆ ಸಿರಿಂಜು. ಎಳೆದಾಗ ಬಕೆಟ್ಟಿಂದ ತುಂಬುತ್ತೆ, ತಳ್ಳಿದಾಗ ಮೇಲೆ ಹೋಗುತ್ತೆ. ಮೊದಲನೇದು ದ್ವಿದಳ ಕವಾಟ, ಎರಡನೇದು ಮಹಾಪಧಮನಿಯ ಬುಡದ್ದು. ವಾಲ್ವಿನ ಕಂಡಿ ಸಣ್ಣದು, ನಿಧಾನ ತಳ್ಳಬೇಕು. ರಭಸದಲ್ಲಿ ತಳ್ಳಿದ್ರೆ ಎರಡೂ ಪೈಪು ಒಂದೇ ಥರ ಬಿಗಿ ಅನಿಸುತ್ತೆ.

ಸಿಸ್ಟರ್ ಹೇಳಿದ ಸೋರೋ ಕವಾಟವನ್ನೂ ಇದರಲ್ಲೇ ತೋರಿಸಬಹುದು. ಮೊದಲನೇ ವಾಲ್ವ್ ಕಿತ್ತು ಅಲ್ಲಿ ಬರೀ ಪೈಪು ಹಾಕಿ, ಆ ಪೈಪನ್ನ ಬಟ್ಟೆ ಕ್ಲಿಪ್ಪಲ್ಲಿ ಅರ್ಧ ಒತ್ತಿಹಿಡಿದು ತಳ್ಳಿಸಿ. 10 ಮಿ.ಲೀ. ತಳ್ಳಿದ್ರೆ ಬಕೆಟ್ಟಿಗೂ ವಾಪಸ್ ಹೋಗಿ ಲೋಟಕ್ಕೆ ಬೀಳೋದು ಕಮ್ಮಿ. ಎಷ್ಟು ಕಮ್ಮಿ ಅಂತ ಅಳೆಸಿ, ಲೋಟಕ್ಕೆ ಮತ್ತೆ 10 ಮಿ.ಲೀ. ಬೀಳಬೇಕಾದ್ರೆ ಎಷ್ಟು ತಳ್ಳಬೇಕು ಅಂತ ಕೇಳಿ. ಕ್ಲಿಪ್ಪು ಸಡಿಲ ಬಿಟ್ರೆ ಪೂರ್ತಿ ಬಕೆಟ್ಟಿಗೇ ಹೋಗುತ್ತೆ, ಜೋಪಾನ.